ಡ್ರೈವರ್‌ಗಳ ಕೆಟ್ಟ ಹೆಸರು

ಶಿವಮೊಗ್ಗ–ಭದ್ರಾವತಿ ನಡುವೆ ಖಾಸಗಿ ಬಸ್ಸು ಎದುರಿಗೆ ಬಂತೆಂದರೆ ಬೈಕಿನವರು ರಸ್ತೆ ಬಿಟ್ಟು ಕೆಳಗಿಳಿಯುತ್ತಾರೆ. ಡ್ರೈವರ್‌ಗಳಿಗೆ ಅಂಥ ಹೆಸರು. ಆ ಹೆಸರು ಪೂರ್ತಿ ಅವರದೇ ಅಂತ ನನಗನ್ನಿಸುವುದಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಪರ್ಮಿಟ್ ಜೊತೆಗೇ ಬಸ್ಸು ಹೊರಡುವ ಸಮಯವನ್ನೂ ಗೊತ್ತುಮಾಡುತ್ತದೆ. ಬಿ.ಎಚ್. ರಸ್ತೆಯ ದಟ್ಟಣೆಯಲ್ಲಿ ಐದು ನಿಮಿಷ ತಡವಾದರೆ ಸಾಕು, ಹಿಂದಿನ ಬಸ್ಸು ಮುಂದಿನ ಸ್ಟಾಪಿನ ಜನರನ್ನು ಹತ್ತಿಸಿಕೊಳ್ಳುತ್ತದೆ. ಸಂಜೆ ಕಲೆಕ್ಷನ್ ಕಡಿಮೆಯಾದರೆ ಮಾಲೀಕರಿಗೆ ಉತ್ತರ ಹೇಳಬೇಕಾದವರು ಡ್ರೈವರ್, ಕಂಡಕ್ಟರ್. ನಾವೂ ಅಷ್ಟೆ, ಬೇಗ ಹೋಗುವ ಬಸ್ಸನ್ನೇ ಹುಡುಕಿ ಹತ್ತುತ್ತೇವೆ. ಆದರೆ ಸಾಗರ ರಸ್ತೆಯಲ್ಲಿ, ಮೆಗ್ಗಾನ್ ಆಸ್ಪತ್ರೆಯ ಮುಂದೆಯೇ ಒತ್ತುವ ಕರ್ಕಶ ಹಾರ್ನಿಗೆ ಯಾವ ವೇಳಾಪಟ್ಟಿಯೂ ನೆಪವಾಗದು. ಅದು ಅವರದೇ ತಪ್ಪು. ಉಳಿದದ್ದಕ್ಕೆ, ಇಂದಿನ ದಟ್ಟಣೆ ನೋಡಿ ಪ್ರಾಧಿಕಾರ ಆ ನಿಮಿಷಗಳನ್ನು ಸಡಿಲಿಸಲಿ.