ಹೊರಳಿ ಬರುವ ಧೈರ್ಯ



ನಮ್ಮ ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಕಡೆಯವರು ಶ್ರೀಶೈಲಕ್ಕೆ ನಡೆದು ಹೋಗ್ತಾರೆ. ಭೀಮನಕೊಳ್ಳದ ಏರು ಎಷ್ಟು ಕಠಿಣ, ಹೋದವರಿಗೆ ಗೊತ್ತು. ಅಲ್ಲಿ ಗುಂಪು ಇರ್ತದೆ, ಧೈರ್ಯ ಇರ್ತದೆ.

ಆದರೆ ಗುಂಪು ಇದ್ದರಷ್ಟೇ ಸಾಲದು. 2024ರ ಜೂನ್‌ನಲ್ಲಿ 22 ಜನ ಹಿಮಾಲಯದ ಸಹಸ್ರತಾಲ್‌ಗೆ ಹೋಗಿದ್ದರು. ಹೆಚ್ಚಿನವರು ಕರ್ನಾಟಕದವರು. ಹಿಮಗಾಳಿ ಬೀಸಿತು. 9 ಜನ ಸತ್ತರು.

ಒಬ್ಬನೇ ಹೋದವನ ಕತೆ ಕೇಳ್ರಿ. ಯೋರಾನ್ ಕ್ರೊಪ್ ಸ್ವೀಡನ್ ದೇಶದವನು. ಅಲ್ಲಿಂದ ನೇಪಾಳಕ್ಕೆ ಸೈಕಲ್ ಮೇಲೆ ಬಂದ. ತನ್ನ ಹೊರೆ ತಾನೇ ಹೊತ್ತು ಎವರೆಸ್ಟ್ ಏರುವ ಹಟ. 1996ರ ಮೇ ತಿಂಗಳ ಮೊದಲ ವಾರ. ತುದಿಗೆ ಸುಮಾರು 100 ಮೀಟರ್ ಉಳಿದಿತ್ತು. ಹಿಮ ಆಳ. ಹೊತ್ತು ಮೀರಿತ್ತು. ಏರಿದರೆ ಕತ್ತಲಲ್ಲಿ ಇಳಿಯಬೇಕು. ಹಿಂದಕ್ಕೆ ಹೊರಳಿದ.

ಮೇ 10ರಂದು ಅಲ್ಲಿ ಬಿರುಗಾಳಿ ಎದ್ದಿತು. ಹೊತ್ತು ಮೀರಿ ಏರಿದವರು ಸಿಕ್ಕಿಬಿದ್ದರು. ಒಟ್ಟು 8 ಜನ ಸತ್ತರು. ಕ್ರೊಪ್ ಉಳಿದ. ಮೇ 23ಕ್ಕೆ ಮತ್ತೆ ಏರಿ ತುದಿ ಮುಟ್ಟಿದ.

ಘಟಪ್ರಭಾ ಉಕ್ಕಿ ಸೇತುವೆ ಮೇಲೆ ನೀರು ಬಂದಾಗ ಈ ಮಾತು ನೆನೆಯಿರಿ. 'ಹೊರಟಾಗಿದೆ, ತಿರುಗಿದರೆ ಜನ ಏನಂತಾರೆ' ಅನಬೇಡ್ರಿ. ಜನರ ಮಾತು ನಾಲ್ಕು ದಿನ. ನಿಮ್ಮ ಜೀವ ಮನೆಗೆಲ್ಲ ಬೇಕು.