ಬೆಳಗೊಳದ ಕಲ್ಲು, ನಮ್ಮ ಗೋಡೆ

(ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ಜೀರ್ಣೋದ್ಧಾರದ ವಿಷಯದಲ್ಲಿ ನಿಮ್ಮಲ್ಲಿ ಎರಡು ಅಭಿಪ್ರಾಯಗಳಿರುವುದನ್ನು ನಾವು ಬಲ್ಲೆವು. ಗಾರೆಯ ಗೋಡೆಗಳಿಗೆ ಹೊಳೆಯುವ ಟೈಲ್ಸ್ ಹೊದಿಸಬೇಕು, ಹೆಂಚಿನ ಮಾಡನ್ನು ಇಳಿಸಿ ಕಾಂಕ್ರೀಟ್ ಹಾಕಬೇಕು ಎನ್ನುವವರು ಕೆಲವರು. ಒಂದು ಕಲ್ಲನ್ನೂ ಕದಲಿಸಬಾರದು ಎನ್ನುವವರು ಇನ್ನು ಕೆಲವರು. ತೀರ್ಮಾನಕ್ಕೆ ಮೊದಲು ಹಿಂದಿನವರು ಕಟ್ಟಿದ್ದನ್ನು ಕಣ್ಣಾರೆ ಕಂಡು ಬರೋಣವೆಂದು, ಸಮಿತಿಯ ಕೆಲವು ಸದಸ್ಯರನ್ನೂ ನಕ್ಷೆ ಬರೆಯುತ್ತಿರುವ ತರುಣ ವಾಸ್ತುಶಿಲ್ಪಿಯನ್ನೂ ಕೂಡಿಕೊಂಡು ನಾವು ಹಾಸನ ಜಿಲ್ಲೆಯಲ್ಲಿ ಮೂರು ದಿನ ಸಂಚರಿಸಿದೆವು.

ಬೇಲೂರು ಹಳೇಬೀಡುಗಳನ್ನು ಕುರಿತು ಬಲ್ಲವರು ಬರೆದದ್ದು ಬಹಳವಿದೆ. ಸೋಮನಾಥಪುರದೊಡನೆ ಅವು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ನಮ್ಮ ಮನಸ್ಸು ನಿಂತದ್ದು ಶ್ರವಣಬೆಳಗೊಳದಲ್ಲಿ. ಪಾದ್ರಿಗಳಿಗೆ ಜೈನರ ಬೆಟ್ಟದಲ್ಲಿ ಏನು ಕೆಲಸವೆಂದು ಯಾರಾದರೂ ಕೇಳಬಹುದು. ಅಣ್ಣ ಭರತನನ್ನು ಗೆದ್ದ ಗಳಿಗೆಯಲ್ಲೇ ರಾಜ್ಯವನ್ನು ಬಿಟ್ಟು ನಡೆದವನು ಬಾಹುಬಲಿ. ಬಿಷಪರ ಎದುರಿನಲ್ಲಿ ಉಟ್ಟ ಬಟ್ಟೆಯನ್ನೂ ತಂದೆಗೆ ಒಪ್ಪಿಸಿದ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಗೌರವಿಸುವ ನಮಗೆ ಆ ದಿಗಂಬರ ಮೂರ್ತಿಯ ಮುಂದೆ ಸಂಕೋಚವೇನೂ ಆಗಲಿಲ್ಲ.

ಬರಿಗಾಲಿನಲ್ಲಿ ಆರುನೂರಕ್ಕೂ ಮಿಕ್ಕ ಮೆಟ್ಟಿಲು. ಮೆಟ್ಟಿಲುಗಳನ್ನು ಬಂಡೆಯಲ್ಲಿಯೇ ಕಡಿದಿದ್ದಾರೆ. ಗಂಗರ ಮಂತ್ರಿ ಚಾವುಂಡರಾಯನು ಸುಮಾರು ಕ್ರಿ.ಶ. 981ರಲ್ಲಿ ಮಾಡಿಸಿದ ಮೂರ್ತಿಯ ಎತ್ತರ ಸುಮಾರು 58 ಅಡಿ. ಬೆಟ್ಟದ ನೆತ್ತಿಯ ಕಲ್ಲನ್ನೇ ಬಿಡಿಸಿ ಕಡೆದದ್ದು. ತೊಡೆಯವರೆಗೆ ಹುತ್ತದ ಆಸರೆ, ಹಾವು, ಮೈಗೆ ಹಬ್ಬಿದ ಬಳ್ಳಿ; ಅಲ್ಲಿಂದ ಮೇಲೆ ಬೆನ್ನಿಗೆ ಯಾವ ಆಸರೆಯೂ ಇಲ್ಲ. ನಮ್ಮ ವಾಸ್ತುಶಿಲ್ಪಿ ಬಹಳ ಹೊತ್ತು ಮಾತನಾಡದೆ ನಿಂತಿದ್ದು, ಕೊನೆಗೆ ಒಂದು ಮಾತು ಹೇಳಿದರು: ಬೇಲೂರಿನದು ಮೆದುವಾದ ಬಳಪದ ಕಲ್ಲು, ಅದರಲ್ಲಿ ಸರದ ಮಣಿಯನ್ನೂ ಬಿಡಿಸಬಹುದು, ಇಲ್ಲಿನ ಗ್ರಾನೈಟ್ ಅಂಥ ಕುಸುರಿಗೆ ಸುಲಭವಾಗಿ ಒಗ್ಗದು, ಆದ್ದರಿಂದ ಶಿಲ್ಪಿ ಅದನ್ನು ಬಲಾತ್ಕರಿಸದೆ ವಿಶಾಲವಾದ ನುಣುಪನ್ನೇ ಅಲಂಕಾರವಾಗಿಸಿದ್ದಾನೆ. ಊರೊಳಗಿನ ಅಕ್ಕನ ಬಸದಿಗೆ ಹೋದಾಗ ಈ ಮಾತು ಮನದಟ್ಟಾಯಿತು. ಹೊಯ್ಸಳ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ 1181ರಲ್ಲಿ ಕಟ್ಟಿಸಿದ ಆ ಗುಡಿ ಬಳಪದ ಕಲ್ಲಿನದು. ಒಳಗಿನ ಕಂಬಗಳು ಚರಕಿ ಹಿಡಿದಂತೆ ನುಣ್ಣಗಿವೆ.

ಬೆಟ್ಟದ ಮೂರ್ತಿಯ ಪಾದದ ಇಕ್ಕೆಲಗಳಲ್ಲಿ, ಮಾಡಿಸಿದ ಚಾವುಂಡರಾಯನ ಹೆಸರೂ ಹನ್ನೆರಡನೆಯ ಶತಮಾನದಲ್ಲಿ ಸುತ್ತಾಲಯ ಕಟ್ಟಿಸಿದ ದಂಡನಾಯಕ ಗಂಗರಾಜನ ಹೆಸರೂ ಇವೆ. ಕಡೆದವರ ಹೆಸರು ಆ ಸಾಲುಗಳಲ್ಲಿಲ್ಲ. ಅಷ್ಟು ದೊಡ್ಡ ಕೆಲಸಕ್ಕೆ ಅಷ್ಟು ಚಿಕ್ಕ ಬರೆಹ! ನಮ್ಮಲ್ಲಿ ಒಂದು ಫ್ಯಾನು ಕೊಟ್ಟರೆ ಅದರ ಮೂರು ರೆಕ್ಕೆಗಳ ಮೇಲೂ ದಾನಿಯ ಹೆಸರು ತಿರುಗುತ್ತಿರುತ್ತದೆ. (ನಗಬೇಡಿ, ಬಲಿಪೀಠದಿಂದ ಅದು ನಮಗೆ ಚೆನ್ನಾಗಿ ಕಾಣುತ್ತದೆ.)

ಅದೇ ಬೆಟ್ಟದಲ್ಲಿ ಒದೆಗಲ್ಲು ಬಸದಿಯೆಂಬುದೊಂದಿದೆ. ಅದರ ತಳಗೋಡೆಗೆ ಹೊರಗಿನಿಂದ ಉದ್ದುದ್ದ ಕಲ್ಲುಗಳನ್ನು ಓರೆಯಾಗಿ ಆನಿಸಿ ಊರೆಗೊಟ್ಟಿದ್ದಾರೆ. ಬಸದಿಗೆ ಹೆಸರು ಬಂದದ್ದೇ ಆ ಊರೆಗಲ್ಲುಗಳಿಂದ. ಆಸರೆ ಬೇಕಾದಾಗ ಕೊಟ್ಟರು, ಅದನ್ನು ಮರೆಮಾಚಲಿಲ್ಲ. ಪ್ಯಾರಿಸಿನ ನೋತ್ರ್ ದಾಮ್ ದೇವಾಲಯದ ಹೊರಮೈಗೆ ಆನಿಸಿದ ಕಮಾನುಗಳು ಮಾಡುವುದೂ ಇದೇ ಕೆಲಸವನ್ನು. ನಮ್ಮ ದಕ್ಷಿಣದ ಗೋಡೆ ವಾಲಿರುವುದನ್ನು ನೀವೆಲ್ಲರೂ ನೋಡಿದ್ದೀರಿ. ಹೊರಗಿನಿಂದ ಕಲ್ಲಿನ ಊರೆ ಕೊಟ್ಟರೆ ಸಾಕು ಎಂದು ವಾಸ್ತುಶಿಲ್ಪಿ ಹೇಳಿದಾಗ, ಅಸಹ್ಯವಾಗಿ ಕಾಣುತ್ತದೆಂದು ಕೆಲವರು ಆಕ್ಷೇಪಿಸಿದ್ದರು. ಒದೆಗಲ್ಲು ಬಸದಿಯನ್ನು ಕಂಡು ಬಂದ ಮೇಲೆ ಅವರಲ್ಲಿ ಇಬ್ಬರು ಆ ಮಾತನ್ನು ಹಿಂತೆಗೆದುಕೊಂಡಿದ್ದಾರೆ.

ಮೂರನೆಯ ದಿನ ಶೆಟ್ಟಿಹಳ್ಳಿಗೆ ಹೋದೆವು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಜಪಮಾಲೆ ಮಾತೆಯ ದೇವಾಲಯವದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಊರು ಬೇರೆಡೆಗೆ ಹೋಯಿತು, ದೇವಾಲಯ ನೀರಿಗೆ ಉಳಿಯಿತು. ಮಳೆಗಾಲದಲ್ಲಿ ಹಿನ್ನೀರು ಏರಿ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ಇಟ್ಟಿಗೆಯ ಚೂಪು ಕಮಾನುಗಳ ನಡುವೆ ಆಕಾಶ ಕಾಣುತ್ತದೆ. ಮಾಡಿಲ್ಲ, ಬಲಿಪೀಠವಿಲ್ಲ. ಯಾತ್ರಿಕರು ಚಿತ್ರ ತೆಗೆದುಕೊಳ್ಳುತ್ತಾರೆ, ಕೆಲವರು ಗೋಡೆಯ ಮೇಲೆ ಹೆಸರು ಗೀಚುತ್ತಾರೆ. ನಾವು ಅಲ್ಲಿ ಮೂರು ನಮೋ ಮರಿಯ ಪ್ರಾರ್ಥಿಸಿದೆವು. ಅಲ್ಲಿನ ವಿಶ್ವಾಸಿಗಳು ತಮ್ಮ ದೇವಾಲಯವನ್ನು ತಾವಾಗಿ ಬಿಟ್ಟವರಲ್ಲ. ಅವರಿಗೆ ಆಯ್ಕೆಯೇ ಇರಲಿಲ್ಲ. ನಮಗೆ ಇದೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ಆರಾಧನಾ ವಿಧಿಯ ಸಂವಿಧಾನದಲ್ಲಿ, ಯಾವ ಒಂದು ಕಲಾಶೈಲಿಯನ್ನೂ ಧರ್ಮಸಭೆ ತನ್ನ ಸ್ವಂತದ್ದೆಂದು ಇಟ್ಟುಕೊಂಡಿಲ್ಲವೆಂದೂ, ಆಡಂಬರಕ್ಕಿಂತ ಉದಾತ್ತವಾದ ಸೌಂದರ್ಯವನ್ನು ಅರಸಬೇಕೆಂದೂ ತಿಳಿಸಿದೆ. ಆದ್ದರಿಂದ ಹೊಸತನಕ್ಕೆ ನಾವು ವಿರೋಧಿಗಳಲ್ಲ. ಗಂಗರಾಜನೂ ಹಳೆಯದಕ್ಕೆ ಹೊಸದನ್ನು ಸೇರಿಸಿದವನೇ. ಆದರೆ ಮೂರ್ತಿಯನ್ನು ಮುಟ್ಟಲಿಲ್ಲ. ಟೈಲ್ಸಿನ ವಿಷಯದಲ್ಲಿ ಮಾತ್ರ ನಮ್ಮ ಅಭಿಪ್ರಾಯ ಖಚಿತವಾಗಿದೆ. ಸುಣ್ಣದ ಗೋಡೆ ಹೀರಿದ ತೇವವನ್ನು ಗಾಳಿಗೆ ಬಿಡುತ್ತದೆ. ಸಿಮೆಂಟು ಮೆತ್ತಿ ಟೈಲ್ಸ್ ಹೊದಿಸಿದರೆ ಆ ತೇವ ಒಳಗೇ ಉಳಿದು, ಕೆಲವು ಮಳೆಗಾಲಗಳಲ್ಲಿ ಗಾರೆಯನ್ನು ಪುಡಿಮಾಡುತ್ತದೆ. ಹೆಂಚಿನ ಮಾಡಿನ ವಿಷಯ ಬೇರೆ: ತೊಲೆಗಳಲ್ಲಿ ಎಷ್ಟಕ್ಕೆ ಗೆದ್ದಲು ಹಿಡಿದಿದೆಯೆಂದು ಬಡಗಿಗಳು ಇಳಿಸಿ ನೋಡಿದ ಮೇಲೆಯೇ ಹೇಳಬಹುದು.

ಬರುವ ಭಾನುವಾರ ಎರಡನೆಯ ಬಲಿಪೂಜೆಯ ಬಳಿಕ ಎರಡೂ ನಕ್ಷೆಗಳನ್ನು, ತಗಲುವ ವೆಚ್ಚದ ವಿವರದೊಡನೆ, ಶಾಲೆಯ ಜಗಲಿಯಲ್ಲಿ ಇಡಲಾಗುವುದು. ಮನೆಗೊಬ್ಬರಂತೆ ಬಂದು ನೋಡಿ, ವಾಸ್ತುಶಿಲ್ಪಿಯನ್ನು ಕೇಳಬೇಕಾದುದನ್ನು ಎದುರಿಗೇ ಕೇಳಿ. ದಕ್ಷಿಣದ ಗೋಡೆಯ ಊರೆ ಮಾತ್ರ ಮಳೆಗಾಲಕ್ಕೆ ಮುಂಚೆ ಆಗಲೇಬೇಕಾದುದರಿಂದ, ಅದಕ್ಕೆ ಕಲ್ಲು ತರಿಸಲು ನಾವು ಒಪ್ಪಿಗೆ ಕೊಟ್ಟಿದ್ದೇವೆ.