ಕೈಗೂ ತಲೆಗೂ ನಡುವೆ ಗೋಡೆ ಬೇಡ



ಶಾಲೆಗಳಲ್ಲಿ ಈಗ ‘ಸ್ಟೆಮ್’ ಎಂಬ ಮಾತು ಕೇಳಿಬರುತ್ತಿದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಈ ನಾಲ್ಕನ್ನೂ ಬಿಡಿಬಿಡಿಯಾಗಿ ಬಾಯಿಪಾಠ ಮಾಡಿಸದೆ ಕೂಡಿಸಿ ಕಲಿಸಬೇಕೆಂಬುದು ಅದರ ತಿರುಳು. ಕಲೆಯೂ ಸೇರಿದರೆ ಅದೇ ‘ಸ್ಟೀಮ್’. ಹೆಸರು ಹೊಸದು, ಕೈಯ ಕೆಲಸವೂ ತಲೆಯ ಅರಿವೂ ಕೂಡಿರಬೇಕೆಂಬುದು ಕಾಯಕವನ್ನು ನಂಬಿದವರಿಗೆ ಹೊಸದಲ್ಲ.

ಆದರೆ ನಮ್ಮ ಮನೆಗಳಲ್ಲಿ ಆಗುತ್ತಿರುವುದೇನು? ಮಗ ಎಂಟನೆಯ ಇಯತ್ತೆ ದಾಟಿದನೆಂದರೆ ತಬಲಾ ಮೂಲೆ ಸೇರುತ್ತದೆ. ಮಗಳ ಬಣ್ಣದ ಡಬ್ಬಿ ಅಟ್ಟಕ್ಕೇರುತ್ತದೆ. “ಹಾಡು ಗೀಡು ಸಾಕು, ಇನ್ನು ವಿಜ್ಞಾನ ಓದು” ಎನ್ನುತ್ತೀರಿ. ವಿಜ್ಞಾನವು ಆ ತಬಲಾದೊಳಗೇ ಕುಳಿತಿದೆಯೆಂಬುದನ್ನು ಮರೆಯುತ್ತೀರಿ.

ಬರಿಯ ಚರ್ಮ ಬಿಗಿದ ವಾದ್ಯವನ್ನು ಬಾರಿಸಿರಿ. ಸದ್ದು ಬರುತ್ತದೆ, ಸ್ವರ ನಿಲ್ಲುವುದಿಲ್ಲ. ಏಕೆ? ಅದರಿಂದ ಹೊರಡುವ ಹಲವು ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ. ತಬಲಾ ಮಾಡುವ ಕುಶಲಿಯು ಗಂಜಿಯ ಅಂಟಿನಲ್ಲಿ ಕಬ್ಬಿಣದ ಪುಡಿ ಕಲಸಿ, ಚರ್ಮದ ನಡುವೆ ಪದರ ಪದರವಾಗಿ ಮೆತ್ತಿ, ಕಲ್ಲಿನಿಂದ ತಿಕ್ಕುತ್ತಾನೆ. ಆ ಕಪ್ಪು ಲೇಪದ ಭಾರದಿಂದ ಮೇಲಿನ ಕಂಪನಗಳು ಮೂಲ ಕಂಪನದ ಎರಡು, ಮೂರು, ನಾಲ್ಕು, ಐದು ಪಟ್ಟಿಗೆ ಹೊಂದಿಕೊಳ್ಳುತ್ತವೆ. ಆಗ ಸದ್ದು ನಾದವಾಗುತ್ತದೆ. ನಮ್ಮ ದೇಶದ ಚರ್ಮವಾದ್ಯಗಳ ಈ ಗುಟ್ಟನ್ನು ಸರ್ ಸಿ. ವಿ. ರಾಮನ್ ಅವರು 1920ರಲ್ಲಿ ಸಹೋದ್ಯೋಗಿಯೊಡನೆ ವಿಜ್ಞಾನ ಲೋಕಕ್ಕೆ ತಿಳಿಸಿದರು. ನೊಬೆಲ್ ಬಹುಮಾನ ಬಂದದ್ದು 1930ರಲ್ಲಿ, ಬೆಳಕಿನ ಸಂಶೋಧನೆಗೆ. ಅಷ್ಟು ದೊಡ್ಡ ಗೌರವ ದೊರೆತ ಮೇಲೂ ಅವರು ವಾದ್ಯವನ್ನು ಬಿಡಲಿಲ್ಲ. 1934ರಲ್ಲಿ ಮತ್ತೆ ಅದರ ಮೇಲೆಯೇ ಬರೆದರು.

ವಿಚಾರ ಮಾಡಿರಿ. ಮಾಡಿದವನ ಕೈ, ನುಡಿಸಿದವನ ಕಿವಿ, ಲೆಕ್ಕ ಹಾಕಿದವನ ಬುದ್ಧಿ ಮೂರೂ ಸೇರಿದಾಗಲೇ ಆ ಗುಟ್ಟು ಬಿಚ್ಚಿತು. ಕಿವಿಯೇ ಇಲ್ಲದ ಬುದ್ಧಿಗೆ ಪ್ರಶ್ನೆ ಎಲ್ಲಿಂದ ಹುಟ್ಟಬೇಕು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಗೂ ವಿಜ್ಞಾನಕ್ಕೂ ನಡುವೆ ಗಟ್ಟಿ ಗೋಡೆ ಬೇಡವೆಂದೇ ಹೇಳಿತು. ಆ ಗೋಡೆ ಕಾಗದದ ಮೇಲೆ ಬಿದ್ದರೆ ಸಾಲದು, ಮನೆಯಲ್ಲಿ ಬೀಳಬೇಕು.

ಗುರುಗಳೆ, ಬೀರುವಿನಲ್ಲಿ ಬೀಗ ಹಾಕಿಟ್ಟ ಉಪಕರಣಗಳನ್ನು ಮಕ್ಕಳ ಕೈಗೆ ಕೊಡಿರಿ. ಒಂದು ಒಡೆದರೆ ಒಡೆಯಲಿ. ಮಗುವಿನ ಕುತೂಹಲ ಒಡೆಯದಿರಲಿ. ತಾಯಂದಿರೆ, ಲೋಟಗಳಲ್ಲಿ ಹೆಚ್ಚು ಕಡಿಮೆ ನೀರು ತುಂಬಿ ಚಮಚದಿಂದ ಮೆಲ್ಲಗೆ ತಟ್ಟಿಸಿರಿ. ಸ್ವರ ಬದಲಾಗುವುದನ್ನು ಕೇಳಿ ಮಗು ‘ಏಕೆ?’ ಎಂದರೆ ಗದರಿಸಬೇಡಿರಿ. ಅಲ್ಲಿಂದಲೇ ವಿದ್ಯೆ ಮೊದಲಾಗುತ್ತದೆ. ಮೂಲೆಯ ತಬಲಾ ಮರಳಿ ನಡುಮನೆಗೆ ಬರಲಿ.